ಗಾಜಿನ ಕುಡುಕ

ಕುಡಿದವರನ್ನು ಉಸಿರಿನಿಂದಲೇ ಹಿಡಿಯುವ ಯಂತ್ರವೊಂದನ್ನು ಅಮೆರಿಕದ ರಾಬರ್ಟ್ ಬೋರ್ಕನ್‌ಸ್ಟೈನ್ ಎಂಬವರು 1954ರಲ್ಲಿ ರೂಪಿಸಿದರು. ಮನೆಯೊಡತಿಯ ಮೂಗು ಈ ಕೆಲಸವನ್ನು ಅನಾದಿಯಿಂದ ಮಾಡುತ್ತ ಬಂದಿದೆಯಾದರೂ ಆ ಮೂಗಿನ ಸಾಕ್ಷ್ಯವು ನ್ಯಾಯಾಲಯದಲ್ಲಿ ನಿಲ್ಲದು. ಯಂತ್ರದ ಮಾತಿಗೂ ಸರ್ಕಾರದ ಮುದ್ರೆ ಬೇಕು: ಭಾರತದ 1988ರ ಮೋಟಾರು ವಾಹನ ಕಾಯಿದೆಯು ಕೇಂದ್ರ ಸರ್ಕಾರ ಅನುಮೋದಿಸಿದ ಮಾದರಿಯ ಉಪಕರಣವನ್ನೇ ಕೇಳುತ್ತದೆ.

ಆ ಉಪಕರಣವನ್ನು ಪರೀಕ್ಷಿಸುವವನು ಯಾರು? ಗಾಜಿನ ಕುಡುಕ! ಗಾಜಿನ ಜಾಡಿಯಲ್ಲಿ ಅಳೆದು ಬೆರೆಸಿದ ಮದ್ಯಸಾರದ ನೀರನ್ನು 34 ಡಿಗ್ರಿ ಶಾಖದಲ್ಲಿರಿಸಿ ಗಾಳಿ ಹಾಯಿಸಿದರೆ ಅಮಲಿನ ಉಸಿರು ಸಿದ್ಧ; ಯಂತ್ರವು ಸರಿಯಾದ ಅಂಕಿಯನ್ನು ಹೇಳಬೇಕು. ಅಂತರರಾಷ್ಟ್ರೀಯ ಮಾನದಂಡವು ಅಸಿಟೋನನ್ನೂ ಬೆರೆಸಿ ಅದನ್ನು ಕೆಣಕುತ್ತದೆ. ಹತೋಟಿ ತಪ್ಪಿದ ಮಧುಮೇಹಿಗಳ ಉಸಿರಿನಲ್ಲಿ ಆ ವಸ್ತು ಇರುವುದುಂಟು. ಹನಿ ಮದ್ಯ ಮುಟ್ಟದ ಹಿರಿಯರೊಬ್ಬರು ನಡುಬೀದಿಯಲ್ಲಿ ಕುಡುಕರೆನಿಸಿ ಮನೆಗೆ ಬಂದರೆ, ಸೊಸೆಯ ಮುಖವನ್ನು ಹೇಗೆ ನೋಡಿಯಾರು?