ಬೇಳೆ ಬೇಯುವ ನೀರು

ಮಡಕಶಿರಾ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ನೀರೆಂಬುದು ಎಂದೂ ಒಂದೇ ವಸ್ತುವಾಗಿರಲಿಲ್ಲ. ಸಿಹಿನೀರು, ಉಪ್ಪುನೀರು, ಸವುಳು ನೀರು ಎಂದು ಅದಕ್ಕೂ ಕುಲಗೋತ್ರಗಳಿದ್ದವು. ಯಾವ ಬಾವಿಯದು ಕುಡಿಯಲು, ಯಾವುದು ದನಕರುಗಳಿಗೆ, ಯಾವುದು ಬಟ್ಟೆಬರೆಗೆ ಎಂಬುದನ್ನು ಓದು ಕಲಿಯುವ ಮೊದಲೇ ನಾವು ಕಲಿತಿರುತ್ತಿದ್ದೆವು. ಹೊಸ ಬಾವಿಯಲ್ಲಿ ನೀರು ಬಿದ್ದಾಗ ಅದರ ಯೋಗ್ಯತೆಯನ್ನು ನಿರ್ಧರಿಸುತ್ತಿದ್ದವರು ನಮ್ಮ ಅಜ್ಜಿಯರು. ಅವರಲ್ಲಿ ಮೂರು ಪರೀಕ್ಷೆಗಳಿದ್ದವು. ಒಂದು ಗುಟುಕು ನಾಲಗೆಗೆ, ಒಂದು ಚೆಂಬು ತೊಗರಿಬೇಳೆಗೆ, ಒಂದು ಬೊಗಸೆ ಸಾಬೂನಿಗೆ. ನಾಲಗೆಗೆ ಒಗರೆನಿಸದೆ, ಬೇಳೆ ಹೂವಿನಂತೆ ಅರಳಿ, ಸಾಬೂನು ನೊರೆಗಟ್ಟಿದರೆ ಆ ನೀರು ಮನೆಯೊಳಗೆ ಬರಲು ಅರ್ಹ.

ಈ ಪರೀಕ್ಷೆಗಳು ಶುದ್ಧ ರಸಾಯನಶಾಸ್ತ್ರವೇ ಆಗಿದ್ದವೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿದ್ದರೆ ಅವು ಬೇಳೆಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ನಿನೊಡನೆ ಸೇರಿ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಬೇಳೆ ಎಷ್ಟು ಕುದಿದರೂ ಕಾಳುಕಾಳಾಗಿಯೇ ಉಳಿಯುತ್ತದೆ. ಅದೇ ಕ್ಯಾಲ್ಸಿಯಂ ಸಾಬೂನಿನೊಡನೆ ಕೂಡಿ ನೊರೆಯ ಬದಲು ಬಿಳಿಯ ಗಷ್ಟಾಗಿ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಅಕ್ಷರ ಬಾರದ ಹೆಂಗಸರು ನೀರಿನ ಗಡಸುತನವನ್ನು ಒಲೆಯ ಮೇಲೆಯೇ ಅಳೆಯುತ್ತಿದ್ದರು.

ಇಷ್ಟೆಲ್ಲ ಲವಣಗಳು ನೀರಿನೊಳಗೆ ಹೇಗೆ ಸೇರುತ್ತವೆ ಎಂಬ ಪ್ರಶ್ನೆಗೆ ಉತ್ತರ ಅದರ ಅಣುವಿನ ಆಕಾರದಲ್ಲಿದೆ. ಒಂದು ಆಮ್ಲಜನಕ, ಎರಡು ಜಲಜನಕ. ಆದರೆ ಮೂರೂ ಒಂದೇ ಸಾಲಿನಲ್ಲಿ ನಿಂತಿಲ್ಲ. ಜಲಜನಕದ ಎರಡು ತೋಳುಗಳು ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿವೆ. ಆಮ್ಲಜನಕ ವಿದ್ಯುತ್ಕಣಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಅಣುವಿನ ಒಂದು ಬದಿ ತುಸು ಋಣ, ಇನ್ನೊಂದು ಬದಿ ತುಸು ಧನ. ಹೀಗಾಗಿ ಪ್ರತಿ ಅಣುವೂ ನೆರೆಯ ಅಣುವಿನ ಕೈ ಹಿಡಿಯುತ್ತದೆ. ಈ ಹಿಡಿತ ಇಲ್ಲದಿದ್ದರೆ ನೀರು ಶೂನ್ಯ ಡಿಗ್ರಿಗಿಂತ ಬಹಳ ಕೆಳಗೇ ಕುದಿದು ಆವಿಯಾಗಿಬಿಡುತ್ತಿತ್ತು. ಅದರ ಹತ್ತಿರದ ಬಂಧುವಾದ ಜಲಜನಕದ ಸಲ್ಫೈಡ್ ಮೈನಸ್ 60 ಡಿಗ್ರಿಯಲ್ಲೇ ಅನಿಲವಾಗುತ್ತದೆ. ಭೂಮಿಯ ಮೇಲೆ ಕೆರೆಯೂ ಇರುತ್ತಿರಲಿಲ್ಲ, ನಮ್ಮ ರಕ್ತವೂ ಇರುತ್ತಿರಲಿಲ್ಲ.

ಕೈ ಹಿಡಿಯುವ ಈ ಗುಣದ ಫಲಗಳನ್ನು ನಮ್ಮ ಬಿಸಿಲಸೀಮೆಯವರು ದಿನವೂ ಉಣ್ಣುತ್ತೇವೆ. ಮಣ್ಣಿನ ಮಡಕೆಯ ಹೊರಮೈಯಿಂದ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ವೈಶಾಖದಲ್ಲಿ ಮಡಕೆಯ ನೀರು ತಣ್ಣಗಿರುವುದೂ, ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವವರ ಮೈ ಬೆವರಿ ತಂಪಾಗುವುದೂ ಒಂದೇ ಲೆಕ್ಕ. ಕೆಮ್ಮಣ್ಣಿನ ತೇವ ಆ ಕಡಲೆಕಾಯಿ ಗಿಡದ ಎಲೆಯವರೆಗೆ ಏರುವುದೂ ಅಣುಗಳು ಒಂದನ್ನೊಂದು ಬಿಡದೆ ಸರಪಣಿಯಾಗಿ ಎಳೆಯುವುದರಿಂದ.

ಆದರೆ ನೀರು ತನ್ನವರ ಕೈಯನ್ನಷ್ಟೇ ಹಿಡಿಯುವುದಿಲ್ಲ. ಉಪ್ಪಿನ ಹರಳನ್ನು ಸುತ್ತುವರಿದು ಅದರ ಕಣಗಳನ್ನು ಒಂದೊಂದಾಗಿ ಕಿತ್ತು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಅಷ್ಟು ವಸ್ತುಗಳನ್ನು ಕರಗಿಸಬಲ್ಲ ಬೇರೊಂದು ಸಾಮಾನ್ಯ ದ್ರವವಿಲ್ಲ. ಈ ಕರಗಿಸುವ ಶಕ್ತಿಯಿಂದಲೇ ಬೇರಿಗೆ ಗೊಬ್ಬರ ತಲಪುತ್ತದೆ, ನರಗಳಲ್ಲಿ ಸಂದೇಶ ಹರಿಯುತ್ತದೆ, ಮೂತ್ರಪಿಂಡ ಮೈಯ ಕೊಳೆಯನ್ನು ಹೊರಹಾಕುತ್ತದೆ. ಜೀವಕ್ಕೆ ಬೇಕಾದದ್ದನ್ನು ಹೊತ್ತು ತರುವ ನೀರು ಬೇಡವಾದದ್ದನ್ನೂ ಅಷ್ಟೇ ನಿಷ್ಠೆಯಿಂದ ಹೊತ್ತು ತರುತ್ತದೆ. ನಮ್ಮ ಸೀಮೆಯ ಕಥೆ ಇರುವುದು ಇಲ್ಲಿ.

ನಮ್ಮ ಕಾಲ ಕೆಳಗಿರುವುದು ಕಗ್ಗಲ್ಲು. ಅದರಲ್ಲಿ ಮಿನುಗುವ ಕಾಗೆಬಂಗಾರದಲ್ಲಿ, ಇನ್ನೂ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಹಳೆಯ ತೋಡುಬಾವಿಗಳ ನೀರು ಇತ್ತೀಚಿನ ಮಳೆಯದು. ಕಲ್ಲಿನೊಡನೆ ಅದರ ಒಡನಾಟ ಅಲ್ಪಕಾಲದ್ದು. ಅನಂತಪುರದ ಕಡೆ ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸು ಮಳೆ. ಕೆರೆಗಳ ಹೂಳು ತೆಗೆಯುವವರಿಲ್ಲದೆ, ಬಾವಿಗಳು ಬತ್ತಿ, ಕೊಳವೆಬಾವಿಗಳು ನೂರಾರು ಅಡಿ ಆಳಕ್ಕೆ ಇಳಿದವು. ಅಲ್ಲಿ ಸಿಗುವ ನೀರು ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತು ಕಲ್ಲನ್ನು ಕರಗಿಸಿಕೊಂಡ ನೀರು.

ಇದರಲ್ಲಿ ಒಂದು ವಿಪರ್ಯಾಸವಿದೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಫ್ಲೋರೈಡಿನೊಡನೆ ಕೂಡಿ ಕರಗದ ಗಟ್ಟಿಯಾಗಿ ಕೆಳಗುಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಾದ ಗುಣ ಹೆಚ್ಚಿರುವ ಮೆದುನೀರಿನಲ್ಲಿ ಫ್ಲೋರೈಡ್ ನಿರಾತಂಕವಾಗಿ ಕರಗುತ್ತದೆ. ಅಂದರೆ ಬೇಳೆ ಬೇಗ ಬೇಯುವ, ಸಾಬೂನು ಚೆನ್ನಾಗಿ ನೊರೆಗಟ್ಟುವ ನೀರಿನಲ್ಲೇ ಅದು ಹೆಚ್ಚಿರುವ ಸಂಭವ. ಫ್ಲೋರೈಡಿಗೆ ನಾಲಗೆಗೆ ಸಿಗುವ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಅಜ್ಜಿಯರ ಮೂರೂ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಅದು ಮನೆಯೊಳಗೆ ಬಂದಿತು.

ಬಂದದ್ದು ಮೊದಲು ಕಂಡದ್ದು ಹಲ್ಲಿನಲ್ಲಿ. ಹಲ್ಲು ಮತ್ತು ಮೂಳೆ ಕ್ಯಾಲ್ಸಿಯಂ, ರಂಜಕ, ಹೈಡ್ರಾಕ್ಸಿಲ್ ಸೇರಿದ ಹರಳುಗಳಿಂದ ಕಟ್ಟಿದವು. ಗಾತ್ರದಲ್ಲಿಯೂ ವಿದ್ಯುದಂಶದಲ್ಲಿಯೂ ಹೈಡ್ರಾಕ್ಸಿಲನ್ನು ಹೋಲುವ ಫ್ಲೋರೈಡ್ ಅದರ ಜಾಗದಲ್ಲಿ ಕುಳಿತುಬಿಡುತ್ತದೆ. ಅತ್ಯಲ್ಪವಾದರೆ ಹಲ್ಲು ಗಟ್ಟಿಯಾಗುತ್ತದೆ. ಪೇಸ್ಟಿನಲ್ಲಿ ಅದನ್ನು ಬೆರೆಸುವುದು ಇದೇ ಕಾರಣಕ್ಕೆ. ಎಳೆಯ ವಯಸ್ಸಿನಲ್ಲಿ, ದಂತಕವಚ ರೂಪುಗೊಳ್ಳುತ್ತಿರುವಾಗ ಹೆಚ್ಚಾದರೆ, ಮೂಡುವ ಹಲ್ಲೇ ಸುಣ್ಣದ ಚುಕ್ಕೆ, ಕಂದು ಗೆರೆಗಳೊಂದಿಗೆ ಮೂಡುತ್ತದೆ. ಯಾವ ಹಲ್ಲುಪುಡಿಯಿಂದಲೂ ಅದು ಹೋಗದು. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ.

ನಮ್ಮ ಓರಗೆಯ ಎಷ್ಟೋ ಅಕ್ಕಂದಿರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಹೊರಗಿನವರು ಅದನ್ನು ನಾಚಿಕೆ ಎಂದರು. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವ ನೆಪದಲ್ಲಿ ಬಾಯಿ ತೆರೆಸುತ್ತಿದ್ದದ್ದೂ ಉಂಟು. ಹಲ್ಲಿಗಿಂತ ದೊಡ್ಡ ನೋವು ಮೂಳೆಯದು. ಬಹುಕಾಲ ಇಂಥ ನೀರು ಕುಡಿದವರ ಕುತ್ತಿಗೆ ತಿರುಗದು, ಬೆನ್ನು ಬಾಗದು, ಕೆಲವರಿಗೆ ಬಾಗಿದ್ದು ನೆಟ್ಟಗಾಗದು. ಮೈನೋವಿನ ಗುಳಿಗೆ ನುಂಗುತ್ತ ಇದನ್ನು ವಾತವೆಂದೂ, ವಯಸ್ಸೆಂದೂ, ಕೆಲವೊಮ್ಮೆ ಕರ್ಮವೆಂದೂ ಹೇಳಿಕೊಂಡವರು ನಮ್ಮ ಮನೆಗಳಲ್ಲೇ ಇದ್ದರು. ಆದರೆ ಇದು ನೀರಿನ ರೋಗವೆಂಬುದು ಹೊಸ ಶೋಧನೆಯೇನಲ್ಲ. ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಹಳ್ಳಿಗರನ್ನು ಪರೀಕ್ಷಿಸಿದ ವೈದ್ಯರು 1937ರಲ್ಲಿಯೇ ಇದನ್ನು ವಿವರವಾಗಿ ಬರೆದಿದ್ದರು. ಆ ತಿಳಿವಳಿಕೆ ನಮ್ಮ ಊರಿನ ಬಾವಿಕಟ್ಟೆಗೆ ಬಂದು ಮುಟ್ಟಲು ಎರಡು ತಲೆಮಾರು ಬೇಕಾಯಿತು.

1953ರಲ್ಲಿ ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಚೆಗೆ ಸೇರಿದವು. ಗಡಿಯ ಬಗ್ಗೆ ನಮ್ಮ ಸಂಘಗಳ ವೇದಿಕೆಗಳಲ್ಲಿ ಬೇಕಾದಷ್ಟು ಮಾತು ನಡೆದಿದೆ. ಗಡಿಯ ಕೆಳಗಿನ ಕಲ್ಲಿನ ಬಗ್ಗೆ ಅಷ್ಟು ನಡೆದಿಲ್ಲ. ಪಾವಗಡದ ಬೀಗರ ಮನೆಗೆ ಹೋದರೆ ಅಲ್ಲಿಯ ಮಕ್ಕಳ ಹಲ್ಲಿನಲ್ಲೂ ಅದೇ ಕಂದು ಗೆರೆ.

ಪರಿಹಾರಗಳಿಲ್ಲವೆಂದಲ್ಲ. ಕಾಯಿಸಿದರೆ ಸಾಕು ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಸಾಯದು. ನೀರು ಇಂಗಿದಷ್ಟೂ ಉಳಿದದ್ದರಲ್ಲಿ ಅದು ದಟ್ಟವಾಗುತ್ತದೆ. ನಲ್ಗೊಂಡ ಪದ್ಧತಿ ಎಂಬುದರಲ್ಲಿ ಸ್ಫಟಿಕ, ಸುಣ್ಣ ಬೆರೆಸಿ ಫ್ಲೋರೈಡನ್ನು ಗಸಿಯೊಂದಿಗೆ ಇಳಿಸುತ್ತಾರೆ. ಅಗ್ಗವಾದ ವಿಧಾನ, ಆದರೆ ದಿನವೂ ಅಳತೆ ತಪ್ಪದೆ ಮಾಡುವ ಶ್ರದ್ಧೆ ಬೇಕು. ಈಗ ಊರೂರಿಗೂ ಶುದ್ಧ ನೀರಿನ ಘಟಕಗಳು ಬಂದು, ಇಪ್ಪತ್ತು ಲೀಟರಿನ ಕ್ಯಾನುಗಳು ಬೈಕುಗಳ ಮೇಲೆ ಓಡಾಡುತ್ತಿವೆ. ಅವುಗಳಿಂದ ಉಪಕಾರವಾಗಿದೆ, ಸುಳ್ಳಲ್ಲ. ಆದರೆ ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ಶುದ್ಧೀಕರಿಸುವಾಗ ತ್ಯಾಜ್ಯವಾಗುವ ಅಷ್ಟೊಂದು ನೀರು ಚರಂಡಿಗೆ ಹರಿಯುವುದನ್ನು ಕಂಡಾಗ ನಮಗೆ ಹೊಟ್ಟೆ ಉರಿಯುತ್ತದೆ. ಅಲ್ಲದೆ ಕ್ಯಾನಿನ ನೀರು ಕುಡಿಯಲು ಮಾತ್ರ. ಮುದ್ದೆಗೆ ಎಸರಿಡುವುದೂ ಸಾರು ಕುದಿಸುವುದೂ ಇನ್ನೂ ಕೊಳವೆಬಾವಿಯ ನೀರಿನಲ್ಲೇ. ಸೂರಿನ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಹಿಡಿದಿಡುವ ತೊಟ್ಟಿಗೆ ತಗಲುವ ಖರ್ಚು ಒಂದು ಮದುವೆಯ ಪೆಂಡಾಲಿಗಿಂತ ಹೆಚ್ಚಾಗದು.

ನಮ್ಮ ಊಟವೂ ನಮ್ಮನ್ನು ತುಸು ಕಾಯುತ್ತದೆ. ರಾಗಿಯ ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಒಂದಿಷ್ಟು ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ. ಹುಣಸೆಹಣ್ಣು ಸೇವಿಸಿದ ಬಾಲಕರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಯಿತೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಸಂಶೋಧಕರು 2002ರಲ್ಲಿ ಪ್ರಕಟಿಸಿದರು. ಹುಣಸೆಯ ದೊಡ್ಡ ಮಾರುಕಟ್ಟೆ ಪಕ್ಕದ ಹಿಂದೂಪುರದಲ್ಲೇ ಇದೆ. ಹಾಗೆಂದು ಹುಳಿ ಉಂಡವನಿಗೆ ಭಯವಿಲ್ಲ ಎಂದು ಯಾರೂ ತಿಳಿಯಬಾರದು.

ಹಿಂದಿನ ವರ್ಷ ನಮ್ಮಲ್ಲಿ ಕೆಲವರು ಸೇರಿ ನೀರು ಪರೀಕ್ಷಿಸುವ ಒಂದು ಪುಟ್ಟ ಪೆಟ್ಟಿಗೆಯನ್ನು ತರಿಸಿ, ಶಾಲೆಯ ಜಗುಲಿಯ ಮೇಲೆ ಇಟ್ಟುಕೊಂಡು ಕುಳಿತೆವು. ಅದರ ಗುಲಾಬಿ ಬಣ್ಣದ ದ್ರಾವಣ ಫ್ಲೋರೈಡ್ ಹೆಚ್ಚಿದಂತೆ ಹಳದಿಗೆ ತಿರುಗುತ್ತದೆ. ಮಕ್ಕಳು ತಮ್ಮ ತಮ್ಮ ಮನೆಯಿಂದ ಸೀಸೆಗಳಲ್ಲಿ ನೀರು ತಂದು ಸಾಲಾಗಿ ನಿಂತರು. ಮಳೆನೀರು ಗುಲಾಬಿಯಾಗಿಯೇ ಉಳಿಯಿತು. ಊರಿನ ಎಲ್ಲರೂ ಹೊಗಳುವ, ದೇವಸ್ಥಾನದ ಹಿಂದಿನ ಕೊಳವೆಬಾವಿಯ ನೀರು ಹಾಕಿದೊಡನೆ ಹಳದಿಯಾಯಿತು. ಬಿಸಿಯೂಟ ಮಾಡುವ ಅವ್ವ ಸೀಸೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದ್ರಾಗೇ ಅಲ್ವೇನಪ್ಪಾ ಬೇಳೆ ಎರಡು ಕುದಿಗೆ ಬೇಯೋದು?" ಎಂದರು. ಹೌದು, ಅದಕ್ಕೇ ಬೇಯುವುದು ಎಂದು ನಾವು ಸೋಡಾ, ಕ್ಯಾಲ್ಸಿಯಂ ಎಂದೆಲ್ಲ ಬಿಡಿಸಿ ಹೇಳಿದೆವು. ಅವರು ಕೇಳಿಸಿಕೊಂಡು, ಒಳಗೆ ಹೋಗಿ, ಬೆಳಿಗ್ಗೆ ತುಂಬಿಟ್ಟಿದ್ದ ಕೊಡವನ್ನು ಪಾತ್ರೆ ತೊಳೆಯುವ ಕಲ್ಲಿನ ಬಳಿಗೆ ಸರಿಸಿದರು. ಬಳಿಕ ಬಂದು ಕೇಳಿದರು: "ತೊಟ್ಟಿ ಯಾವಾಗ ಕಟ್ಟಿಸ್ತೀರಿ?"