ಹಣಮಪ್ಪನ ಗುಡಿಯಲ್ಲಿ ಎತ್ತಿದ ಕೈಗಳು

2020ರ ಡಿಸೆಂಬರ್‌ನ ಮಾತು. ಕೊರೊನಾ ಅಂಜಿಕೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ನವೆಂಬರ್ 30ಕ್ಕೆ ರಾಜ್ಯ ಚುನಾವಣಾ ಆಯೋಗ ಗ್ರಾಮ ಪಂಚಾಯಿತಿ ಚುನಾವಣೆ ಘೋಷಿಸಿತು. ಡಿಸೆಂಬರ್ 22 ಮತ್ತು 27ಕ್ಕೆ ಮತದಾನ, ನಾಮಪತ್ರ ಕೊಡಲು ಬೆರಳೆಣಿಕೆಯ ದಿನ. ತಿಕೋಟಾ ಸೀಮೆಯ ನಮ್ಮ ಹಳ್ಳಿಯಲ್ಲಿ ಓಣಿ ಓಣಿಗೆ ಸುದ್ದಿ ಮುಟ್ಟಿತು: "ರಾತ್ರಿ ಊಟ ಮಾಡಿ ಎಲ್ಲಾರೂ ಹಣಮಪ್ಪನ ಗುಡಿಗೆ ಬರ್ರಿ."

ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಬಿ ಫಾರಂ ಇಲ್ಲ. ಯಾರು ನಿಲ್ಲಬೇಕು ಎಂಬುದನ್ನು ಊರೇ ಕೂತು ಬಗೆಹರಿಸುವ ರೂಢಿ ಅನೇಕ ಕಡೆ ಇದೆ. ಆ ರಾತ್ರಿ ಗುಡಿಯ ಮುಂದೆ ಹಳೆಯ ತೊಗರಿ ಕಟಿಗೆ ಒಟ್ಟಿ ಬೆಂಕಿ ಹಚ್ಚಿದ್ದರು. ವಿಜಯಪುರ ಜಿಲ್ಲೆಯ ಡಿಸೆಂಬರ್ ಥಂಡಿ ಕಂಡವರಿಗೆ ಗೊತ್ತು, ಬೆಂಕಿಯಿಲ್ಲದೆ ಹೊರಗೆ ಕೂಡುವುದು ಆಗದ ಮಾತು. ಹಿರಿಯ ಕಾಕಾ ಒಬ್ಬರು ಶುರು ಮಾಡಿದರು: "ಎಲೆಕ್ಷನ್ ಆತಂದ್ರ ಮನಿ ಮನಿ ಒಡೀತಾವ. ಅಣ್ಣ ತಮ್ಮ ಮಾತಾಡೂದು ಬಿಡ್ತಾರ. ಎಲ್ಲಾರೂ ಕೂಡಿ ವಾರ್ಡಿಗೆ ಎಷ್ಟು ಬೇಕೋ ಅಷ್ಟೇ ಮಂದೀನ್ನ ಮಾಡಿಬಿಡೂಣು."

ಈ ಮಾತಿನಲ್ಲಿ ಸುಳ್ಳಿರಲಿಲ್ಲ. ಪಂಚಾಯಿತಿ ಚುನಾವಣೆಗೆ ಎಮ್ಮೆ ಮಾರಿದವರನ್ನು, ಸಾಲ ಮಾಡಿ ಸೋತವರನ್ನು ನಾನು ಕಂಡಿದ್ದೇನೆ. ಇನ್ನೊಂದು ಒಳ್ಳೆಯದೂ ಆ ರಾತ್ರಿ ಕಣ್ಣಿಗೆ ಬಿತ್ತು. ಮತ್ತೊಮ್ಮೆ ನಿಲ್ಲಲು ಬಯಸಿದ್ದ ಹಳೆಯ ಸದಸ್ಯನನ್ನು ಒಬ್ಬ ಹುಡುಗ ಎದ್ದು ನಿಂತು ಕೇಳಿಯೇಬಿಟ್ಟ: "ಬೋರಿನ ಮೋಟಾರ್ ಸುಟ್ಟಾಗ ಎಲ್ಲಿ ಇದ್ರಿ? ನಮ್ಮ ಓಣಿ ಹೆಣ್ಮಕ್ಕಳು ಹೊಲದ ಬಾವೀಗಿ ಹ್ವಾದ್ರು." ಆ ಮನುಷ್ಯ ಉತ್ತರ ಕೊಡಲೇಬೇಕಾಯಿತು. ಉದ್ಯೋಗ ಖಾತ್ರಿ ಕೂಲಿ ತಡವಾದದ್ದು, ಗಟಾರ ಅರ್ಧಕ್ಕೆ ನಿಂತದ್ದು, ಎಲ್ಲ ಹೊರಬಿತ್ತು. ಮತಪೆಟ್ಟಿಗೆಗೆ ಬಾಯಿಲ್ಲ, ಅದು ಯಾರನ್ನೂ ಹೀಗೆ ನಿಲ್ಲಿಸಿ ಕೇಳುವುದಿಲ್ಲ. ಕೂಟದ ನಿಜವಾದ ಗುಣ ಇದು ಎಂದು ನಾನು ಇಂದಿಗೂ ನಂಬಿದ್ದೇನೆ.

ಆಮೇಲೆ ಮಹಿಳಾ ಸ್ಥಾನದ ಪಾಳಿ ಬಂತು. 2010ರಿಂದ ನಮ್ಮಲ್ಲಿ ಪಂಚಾಯಿತಿಯ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಕಟ್ಟೆಯ ಮೇಲೆ ಕೂತವರೆಲ್ಲ ಗಂಡಸರು. "ಯಾರ ಮನಿಯವರನ್ನ ನಿಲ್ಲಸೂಣು?" ಎಂದು ಕೇಳಿದರು. ಬಂದ ಹೆಸರುಗಳೆಲ್ಲ ಗಂಡಂದಿರವು. ಆಗ ಕತ್ತಲಲ್ಲಿ ಬೇವಿನ ಗಿಡದ ಬುಡಕ್ಕೆ ನಿಂತಿದ್ದ ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬಳು ಹೇಳಿದಳು: "ಯಣ್ಣಾ, ನನ್ನ ಹೆಸರೂ ಬರಕೋರಿ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಒಬ್ಬರು, "ತಂಗಿ, ಊರಾಗ ಒಮ್ಮತ ಆಗಾಕತ್ತೈತಿ, ನಡುವ ಬರಬ್ಯಾಡ" ಎಂದರು. ದೊಡ್ಡ ಹಿಡುವಳಿಯ ಮನೆಯವರ ಹೆಸರು ಹೇಳಿ ಕೈ ಎತ್ತಲು ಕೇಳಿದರು. ಎಲ್ಲ ಕೈಗಳೂ ಮೇಲೇರಿದವು. ಮುಂಜಾನೆ ಅದೇ ಮನೆಯ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗಬೇಕಾದವರು ಅವರೆದುರು ಕೈ ಎತ್ತದೆ ಏನು ಮಾಡಿಯಾರು?

ಬಾರದವರ ಲೆಕ್ಕವನ್ನೂ ಹೇಳಬೇಕು. ದೀಪಾವಳಿ ಮುಗಿಸಿ ಕಬ್ಬು ಕಡಿಯಲು ಹೋದ ಕುಟುಂಬಗಳು ಊರಲ್ಲಿರಲಿಲ್ಲ. ಜೋಳಕ್ಕೆ ರಾತ್ರಿ ಪಾಳಿಯ ಕರೆಂಟಿನಲ್ಲಿ ನೀರು ಹಾಯಿಸುವವರು ಹೊಲದಲ್ಲಿದ್ದರು. ಕೂಸು ಇದ್ದ ತಾಯಂದಿರು ಆ ಥಂಡಿಯಲ್ಲಿ ಬರುವಂತಿರಲಿಲ್ಲ. ಯಾರೂ ಬಾಯಿ ತೆರೆಯುವ ಮೊದಲೇ, ರಾತ್ರಿ ಒಂಬತ್ತಕ್ಕೆ ಎಂದು ಹೊತ್ತು ಗೊತ್ತು ಮಾಡಿದಾಗಲೇ, ಅರ್ಧ ಆಯ್ಕೆ ಮುಗಿದಿತ್ತು.

ಆ ಹೆಣ್ಣುಮಗಳು ಯಾರ ಮಾತೂ ಕೇಳದೆ ನಾಮಪತ್ರ ಕೊಟ್ಟಳು. ಮತದಾನದ ದಿನ ಕಬ್ಬಿನ ಗ್ಯಾಂಗಿನವರು ಟಂಟಂ ಮಾಡಿಕೊಂಡು ಬಂದು ಮತ ಹಾಕಿ ಹೋದರು. ಡಿಸೆಂಬರ್ 30ರ ಎಣಿಕೆಯಲ್ಲಿ ಆಕೆ ಸೋತಳು, ಆದರೆ ಕೂದಲೆಳೆಯ ಅಂತರದಲ್ಲಿ. ಗುಡಿಯಲ್ಲಿ ಒಂದೂ ಕೈ ಸಿಗದವಳಿಗೆ ಪೆಟ್ಟಿಗೆಯಲ್ಲಿ ಹೆಚ್ಚುಕಡಿಮೆ ಅರ್ಧ ವಾರ್ಡು ಸಿಕ್ಕಿತ್ತು.

ಅದೇ ವರ್ಷ ಫೆಬ್ರವರಿ 3ರಂದು ಅಮೆರಿಕದ ಅಯೋವಾ ರಾಜ್ಯದಲ್ಲೂ ಇಂಥದೇ ಕೂಟಗಳು ನಡೆದಿದ್ದವು. ಅಧ್ಯಕ್ಷ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದಿಂದ ಯಾರು ನಿಲ್ಲಬೇಕೆಂದು ಜನ ಸಂಜೆ ಏಳಕ್ಕೆ ಸಭೆ ಸೇರಿ, ತಮ್ಮವರ ಗುಂಪಿನಲ್ಲಿ ಎಲ್ಲರ ಎದುರು ನಿಂತು ಎಣಿಸಿಕೊಂಡರು. ಪೂರ್ತಿ ಫಲಿತಾಂಶಕ್ಕೆ ದಿನಗಟ್ಟಲೆ ಹಿಡಿಯಿತು. ಸಂಜೆ ಪಾಳಿಯ ಕೆಲಸಗಾರರಿಗೆ ಕೂಟದಲ್ಲಿ ಜಾಗವಿಲ್ಲ ಎಂಬ ದೂರು ಅಲ್ಲಿಯೂ ಹಳೆಯದಾಗಿತ್ತು. ಬೇರೆ ಹಲವು ರಾಜ್ಯಗಳಲ್ಲಿ ಪಕ್ಷದ ಅಭ್ಯರ್ಥಿಯನ್ನು ಗುಪ್ತ ಮತದಿಂದ ಆರಿಸುತ್ತಾರೆ. ಬೆಳಗಿನಿಂದ ರಾತ್ರಿವರೆಗೆ ಬಿಡುವಾದಾಗ ಹೋಗಿ ಹಾಕಿ ಬರಬಹುದು.

ಅಭ್ಯರ್ಥಿಯನ್ನು ಹೀಗೆ ಮತ ಹಾಕಿಸಿ ಆರಿಸುವುದರ ರುಚಿಯನ್ನು ನಮ್ಮ ಪಕ್ಷಗಳೂ ನೋಡಿವೆ. 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡದಲ್ಲಿ ಒಳಮತದಾನ ನಡೆಸಿ ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಅವರನ್ನು ಆರಿಸಿತು. ಇಬ್ಬರೂ ಸೋತರು, ಪ್ರಯೋಗವೂ ನಿಂತಿತು. ವಿಧಾನಸಭಾ ಚುನಾವಣೆಗೆ 2023ರ ಮಾರ್ಚ್ 31ರಂದು ಬಿಜೆಪಿ ಜಿಲ್ಲೆಗಳಲ್ಲಿ ಪದಾಧಿಕಾರಿಗಳಿಂದ ಹೆಸರು ಬರೆಸಿಕೊಂಡಿತು. ಏಪ್ರಿಲ್ 11ಕ್ಕೆ ಪಟ್ಟಿ ಬಂದದ್ದು ದಿಲ್ಲಿಯಿಂದ, 13ಕ್ಕೆ ನಾಮಪತ್ರ ಶುರು. ಎರಡರಲ್ಲೂ ಸಾಮಾನ್ಯ ಮತದಾರನನ್ನು ಕೇಳಿದವರಿಲ್ಲ. ಬಬಲೇಶ್ವರ, ತಿಕೋಟಾ ಭಾಗದಲ್ಲೂ ವಿಧಾನಸಭೆಯ ಟಿಕೆಟ್ ಯಾರಿಗೆಂಬುದು ಮತದಾರನಿಗೆ ಪೇಪರಿನಿಂದ ತಿಳಿಯುವ ಸುದ್ದಿ.

ಗುಡಿಕಟ್ಟೆಯ ಕೂಟ ಬೇಡವೆಂದು ನಾನು ಹೇಳಲಾರೆ, ಆ ಹುಡುಗನ ಪ್ರಶ್ನೆ ಬೇರೆಲ್ಲೂ ಏಳುತ್ತಿರಲಿಲ್ಲ. ಆದರೆ ಕೈ ಎತ್ತಿಸಬೇಡಿ, ಮಾತು ಮುಗಿದ ಮೇಲೆ ಚೀಟಿ ಬರೆಸಿ. ಬರೆಯಲು ಬಾರದವರಿಗೆ ಗುರುತು ಹಾಕಿದ ಚೀಟಿ ಕೊಡಿ. ದಿನಾಂಕ ಘೋಷಣೆಯಾಗಲಿ ಎಂದು ಕಾಯದೆ, ದೀಪಾವಳಿಗೆ ಎಲ್ಲರೂ ಊರಿಗೆ ಬಂದಾಗ, ಹಗಲು ಹೊತ್ತಿನಲ್ಲಿ, ಹೆಣ್ಣುಮಕ್ಕಳೂ ಕೂಡುವಂತೆ ಸಭೆ ಕರೆಯಿರಿ. ಸೋತವರು ನಾಮಪತ್ರ ಕೊಡುತ್ತೇನೆಂದರೆ ಅಡ್ಡ ಬರಬೇಡಿ, ಅದು ಅವರ ಹಕ್ಕು.