ಹಾಡು ಹಿಡಿಯುವ ವಿದ್ಯೆ

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಹನ್ನೆರಡನೆಯ ತರಗತಿ ಮುಗಿಸಿದ ಕೂಡಲೇ ನಡೆಯುವ ಚರ್ಚೆಗೆ ಒಂದು ಸಿದ್ಧ ಜಾಡಿದೆ. ಇಂಜಿನಿಯರಿಂಗ್ ಇಲ್ಲವೇ ಸಿ.ಎ.; ಅದೂ ಒಲ್ಲದಿದ್ದರೆ ಬಿ.ಕಾಂ. ಮಾಡಿಕೊಂಡು ಬ್ಯಾಂಕಿನ ಪರೀಕ್ಷೆ. ಸಂಗೀತಕ್ಕೆ ಈ ಚರ್ಚೆಯಲ್ಲಿ ಸ್ಥಾನವಿಲ್ಲ. ಅದು ಭಾನುವಾರ ಬೆಳಗಿನ ಪಾಠಕ್ಕೂ ಸಂಘದ ವಾರ್ಷಿಕೋತ್ಸವದ ಪ್ರಾರ್ಥನೆಗೂ ಮೀಸಲು. ಹೀಗಿರುವಾಗ ನಮ್ಮ ಮಗಳು ಸಂಗೀತ ತಂತ್ರಜ್ಞಾನ ಮತ್ತು ನಿರ್ಮಾಣ ಎಂಬ ವಿಷಯದಲ್ಲಿ ಪದವಿ ಮಾಡುವೆನೆಂದಳು. ಮಾಟುಂಗಾ, ವಡಾಳಾ, ಡೊಂಬಿವಲಿಗಳಲ್ಲಿ ಹಂಚಿಹೋಗಿರುವ ನಮ್ಮ ಬಂಧುವರ್ಗ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅಂದ್ರ ಮೈಕ್ ಸೆಟ್ಟಿನ ಕೆಲಸ ಏನು?"

ನಾವು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತಗಳ ಮೇಲೆ ಟಿಪ್ಪಣಿ ಬರೆಯುತ್ತಿರುವವರು. ಓದಿಗೂ ಉದ್ಯೋಗಕ್ಕೂ ನೇರ ಸಂಬಂಧವಿರಬೇಕೆಂದು ಮಗಳಿಗೆ ಉಪದೇಶಿಸುವ ಅಧಿಕಾರ ನಮಗೆ ಅಷ್ಟಾಗಿ ಇಲ್ಲ. ಆಂಟಾಪ್ ಹಿಲ್ಲಿನ ಸರಕಾರಿ ವಸತಿಯಲ್ಲಿ ನಮ್ಮೊಡನಿರುವ ನಮ್ಮ ಅವ್ವನ ಪ್ರಶ್ನೆ ಮಾತ್ರ ಬಂಧುಗಳ ಪ್ರಶ್ನೆಗಿಂತ ಬೇರೆಯಾಗಿತ್ತು. "ಹಾಡೂದು ಬಿಟ್ಟು ಹಾಡು ಹಿಡಿಯೂದು ಕಲೀತೀಯೇನವ್ವಾ?" ಎಂದು ಆಕೆ ಮೊಮ್ಮಗಳನ್ನು ಕೇಳಿದರು. ಧಾರವಾಡ ಸೀಮೆಯ ಈ ಮಾತಿನಲ್ಲಿ ಹಿಡಿಯುವುದೆಂದರೆ ಹಕ್ಕಿಯನ್ನು ಹಿಡಿದಂತೆಯೂ ಆಗಬಹುದು, ನೆನಪಿನಲ್ಲಿ ಹಿಡಿದಿಟ್ಟುಕೊಂಡಂತೆಯೂ ಆಗಬಹುದು. ಅವ್ವನ ಮನಸ್ಸಿನಲ್ಲಿದ್ದದ್ದು ಯಾವುದೋ ತಿಳಿಯದು.

ಮಗಳು ತಂದ ಪಠ್ಯಕ್ರಮವನ್ನು ಕಚೇರಿಯ ಅಭ್ಯಾಸದಂತೆ ಸಾಲುಸಾಲಾಗಿ ಓದಿದೆವು. ಶಬ್ದವಿಜ್ಞಾನ, ವಿದ್ಯುನ್ಮಾನದ ಮೂಲಪಾಠ, ಮೈಕ್ ಎಲ್ಲಿಡಬೇಕೆಂಬ ವಿಚಾರ, ಮಿಶ್ರಣ, ಸ್ವರಸಂಯೋಜನೆ, ಕೃತಿಸ್ವಾಮ್ಯದ ಕಾನೂನು. ಇವುಗಳ ನಡುವೆ ನಮ್ಮನ್ನು ತಡೆದು ನಿಲ್ಲಿಸಿದ್ದು ಕಿವಿಯ ಅಭ್ಯಾಸವೆಂಬ ಪತ್ರಿಕೆ. ಒಂದೇ ಹಾಡನ್ನು ಎರಡು ಸಲ ಕೇಳಿಸುತ್ತಾರೆ. ಎರಡನೆಯ ಸಲ ಯಾವ ಕಂಪನಾಂಕದ ಆಸುಪಾಸನ್ನು ಎತ್ತಿದ್ದಾರೆ, ಯಾವುದನ್ನು ತಗ್ಗಿಸಿದ್ದಾರೆ ಎಂದು ವಿದ್ಯಾರ್ಥಿ ಹೇಳಬೇಕು. ಬರಿಯ ಕೇಳುವುದಕ್ಕೆ ಅಂಕ ಕೊಡುವ ಪತ್ರಿಕೆಯೊಂದು ವಿಶ್ವವಿದ್ಯಾಲಯದ ಮಟ್ಟದಲ್ಲಿ ಇರುವುದು ನಮಗೆ ಹಿಡಿಸಿತು. ಕವಿತೆಯನ್ನು ಗಟ್ಟಿಯಾಗಿ ಓದಿ ಕೇಳಿಸುವ ಒಂದೇ ಒಂದು ಪರೀಕ್ಷೆಯೂ ಇಲ್ಲದೆ ನಮ್ಮ ಎಂ.ಎ. ಮುಗಿದುಹೋಗಿತ್ತು.

ಈ ವಿದ್ಯೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಜರ್ಮನಿಯ ಡೆಟ್‌ಮೋಲ್ಡ್‌ನಲ್ಲಿ 1949ರಲ್ಲಿಯೇ ಟೋನ್‌ಮೈಸ್ಟರ್ ಎಂಬ ಹೆಸರಿನ ಶಿಕ್ಷಣ ಆರಂಭವಾಯಿತು. ಇಂಗ್ಲೆಂಡಿನ ಸರೀ ವಿಶ್ವವಿದ್ಯಾಲಯ 1970ರಲ್ಲಿ ಅದನ್ನೇ ಪದವಿಯಾಗಿಸಿತು. ಯಂತ್ರ ಬಲ್ಲವನು ಸ್ವರಲಿಪಿಯನ್ನೂ ಓದಬಲ್ಲವನಾಗಿರಬೇಕೆಂಬುದು ಆ ಕಲ್ಪನೆಯ ತಿರುಳು. ನಮ್ಮಲ್ಲಿ 1960ರಲ್ಲಿ ಸ್ಥಾಪನೆಯಾದ ಪುಣೆಯ ಚಲನಚಿತ್ರ ಸಂಸ್ಥೆ ಧ್ವನಿಮುದ್ರಣವನ್ನು ಕಲಿಸುತ್ತ ಬಂದಿದೆ. ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಅಲ್ಲಿಯ ವಿದ್ಯಾರ್ಥಿ. ಗೋರೆಗಾಂವಿನ ಫಿಲ್ಮ್‌ಸಿಟಿಯಲ್ಲಿ 2006ರಿಂದ ನಡೆಯುತ್ತಿರುವ ವಿಸ್ಲಿಂಗ್ ವುಡ್ಸ್‌ನಂಥ ಸಂಸ್ಥೆಗಳಲ್ಲಿ ಸಂಗೀತಕ್ಕೂ ಧ್ವನಿಗೂ ಬೇರೆ ವಿಭಾಗಗಳಿವೆ. ಅದಕ್ಕೂ ಮುಂಚೆ ಮುಂಬಯಿಯಲ್ಲಿ ಈ ವಿದ್ಯೆಗಿದ್ದ ಪಾಠಶಾಲೆಗಳೆಂದರೆ ತಾಡದೇವದ ಫಿಲ್ಮ್ ಸೆಂಟರ್, ಮಹಾಲಕ್ಷ್ಮಿಯ ಫೇಮಸ್, ಬಾಂದ್ರಾದ ಮೆಹಬೂಬ್. ಹತ್ತಾರು ವಾದಕರೂ ಗಾಯಕರೂ ಏಕಕಾಲಕ್ಕೆ ನಿಂತು ನುಡಿಸಿ ಹಾಡುತ್ತಿದ್ದ ಆ ದಿನಗಳಲ್ಲಿ, ಕೊನೆಯ ಸಾಲಿನ ಪಿಟೀಲೊಂದು ತಪ್ಪಿದರೂ ಹಾಡನ್ನು ಮೊದಲಿನಿಂದ ಹಿಡಿಯಬೇಕಾಗಿತ್ತು. ಧ್ವನಿಮುದ್ರಕನ ಕೈಕೆಳಗೆ ತಂತಿ ಸುತ್ತುತ್ತ ವರ್ಷಗಟ್ಟಲೆ ನಿಂತ ಹುಡುಗನೇ ಮುಂದೆ ಧ್ವನಿಮುದ್ರಕನಾಗುತ್ತಿದ್ದ. ಅವನಿಗೆ ಪದವಿ ಪತ್ರವನ್ನು ಯಾರೂ ಕೇಳಲಿಲ್ಲ.

ನಮ್ಮ ಕಡೆಯ ಹಿರಿಯರಲ್ಲಿ ಯಂತ್ರವೆಂದರೆ ಸಂಗೀತಕ್ಕೆ ಹೊರಗಿನದು ಎಂಬ ಭಾವನೆ ಇದೆ. ಉತ್ತರ ಕರ್ನಾಟಕದ ಸಂಗೀತದ ಚರಿತ್ರೆ ಈ ಭಾವನೆಗೆ ಪುಷ್ಟಿ ಕೊಡುವುದಿಲ್ಲ. ಗದಗಿನ ಬಾಲಕ ಭೀಮಸೇನ ಜೋಶಿ 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟು ಹೋಗಲು ಕಾರಣವಾದದ್ದು ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ. ಝಿಂಝೋಟಿ ರಾಗದ ಆ ಠುಮ್ರಿ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಹಿಡಿಯುವ ಅರಗಿನ ತಟ್ಟೆಯ ಮೇಲಿತ್ತು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ, ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ ಅವುಗಳ ಒಂದೊಂದು ಹರಕತ್ತನ್ನೂ ಯಥಾವತ್ತಾಗಿ ಹಾಡಿ ತೋರಿಸಿ, ಬಾಲ್ಯದಲ್ಲೇ ಕುಮಾರ ಗಂಧರ್ವರೆನಿಸಿಕೊಂಡರು. ಅವರನ್ನು ಮುಂಬಯಿಯ ಆಪೇರಾ ಹೌಸ್ ಬಳಿಯ ತಮ್ಮ ಶಾಲೆಯಲ್ಲಿಟ್ಟುಕೊಂಡು ಅನುಕರಣೆಯಿಂದಾಚೆಗೆ ಕರೆದೊಯ್ದವರು ಬಿ. ಆರ್. ದೇವಧರ. ಇಬ್ಬರ ಪಾಲಿಗೂ ಗ್ರಾಮೋಫೋನು ಗುರುವಿಗಿಂತ ಮೊದಲು ಬಂದಿತ್ತು.

ಗಂಗೂಬಾಯಿ ಹಾನಗಲ್ಲರದು ಇನ್ನೊಂದು ಬಗೆ. ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಅವರ ಮೊದಮೊದಲ ತಟ್ಟೆಗಳಲ್ಲಿರುವುದು ತೆಳುವಾದ, ಎತ್ತರದ ಕಂಠ. ಗಂಟಲಿನ ಚಿಕಿತ್ಸೆಯ ತರುವಾಯ ಅದು ಗಂಡುಕಂಠದಷ್ಟು ಗಡುಸಾಯಿತು. ನಾವೆಲ್ಲ ಬಲ್ಲ ಗಂಗೂಬಾಯಿ ಈ ಎರಡನೆಯ ಕಂಠದವರು. ಒಂದು ಸಂಜೆ ಮಗಳು ಎರಡನ್ನೂ ಒಂದರ ಹಿಂದೆ ಒಂದನ್ನು ಹಾಕಿ ಕೇಳಿಸಿ, "ಅಪ್ಪಾ, ಹೆಣ್ಣಿನ ದನಿ ಅಂದ್ರ ಹಿಂಗ ಇರಬೇಕು ಅಂತ ಒಬ್ಬ ಇಂಜಿನಿಯರ್ ಈ ಗಡಸುತನಾನ ಕತ್ತರಿಸಿ ಹಾಕಿದ್ರ ಏನು ಉಳೀತಿತ್ತು?" ಎಂದಳು. ಕೆಳಗಿನ ಕಂಪನಾಂಕಗಳನ್ನು ಒಂದು ಗುಂಡಿ ತಿರುಗಿಸಿ ತಗ್ಗಿಸಬಹುದಂತೆ. ತಗ್ಗಿಸಿಯೂ ತೋರಿಸಿದಳು. ಆ ದನಿ ಯಾರದೋ ಆಗಿಬಿಟ್ಟಿತು. ಅವಳ ಓದಿನ ಬಗ್ಗೆ ನಮಗಿರುವ ಆಸೆ, ಆತಂಕ ಎರಡೂ ಆ ಗುಂಡಿಯ ಸುತ್ತಲೇ ಇವೆ.

ಆಸೆಗಿಂತ ಆತಂಕದ ಮಾತು ಕೊಂಚ ಹೆಚ್ಚು ವಿವರಣೆ ಬೇಡುತ್ತದೆ. ಇಂದು ಸಂಗೀತ ತಯಾರಾಗುವ ಗಣಕದ ಪರದೆಯ ಮೇಲೆ ಅಡ್ಡಕ್ಕೆ ಕಾಲದ ಗೆರೆಗಳು, ಉದ್ದಕ್ಕೆ ಸ್ವರದ ಗೆರೆಗಳು ಇರುತ್ತವೆ. ಒಂದು ಸಪ್ತಕವನ್ನು ಸರಿಸಮವಾಗಿ ಹನ್ನೆರಡು ಪಾಲು ಮಾಡಿ ಒಂದೊಂದಕ್ಕೆ 100 ಸೆಂಟ್ ಎಂದು ಅಳತೆ ಕೊಟ್ಟಿದ್ದಾರೆ. ಈ ಲೆಕ್ಕದಲ್ಲಿ ಶುದ್ಧ ಗಾಂಧಾರ 400 ಸೆಂಟ್‌ನಲ್ಲಿ ಕೂರಬೇಕು. ಶ್ರುತಿಗೂಡಿಸಿದ ತಂಬೂರಿಯ ಷಡ್ಜದೊಳಗಿಂದ ತಾನಾಗಿ ಕೇಳಿಬರುವ ಗಾಂಧಾರವಾದರೋ ಸುಮಾರು 386ರಲ್ಲಿದೆ. ಹದಿನಾಲ್ಕು ಸೆಂಟ್ ಅಲ್ಪವೆಂದು ತೋರಬಹುದು. ತಂಬೂರಿಯ ಮುಂದೆ ಹತ್ತು ವರ್ಷ ಕುಳಿತ ಕಿವಿಗೆ ಅದು ಕಲ್ಲು ಕಡಿದಂತಾಗುತ್ತದೆ. ತೈಲ ಶೋಧನೆಗಾಗಿ ಭೂಮಿಯ ಕಂಪನಗಳನ್ನು ವಿಶ್ಲೇಷಿಸುತ್ತಿದ್ದ ಆ್ಯಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕದ ವಿಜ್ಞಾನಿ ಅದೇ ಗಣಿತವನ್ನು ಕಂಠಕ್ಕೆ ಅನ್ವಯಿಸಿ 1997ರಲ್ಲಿ ಆಟೋಟ್ಯೂನ್ ತಂದರು. ಗೆರೆಯಿಂದ ಜಾರಿದ ಸ್ವರವನ್ನು ಅದು ಎಳೆದು ಗೆರೆಗೆ ಸೇರಿಸುತ್ತದೆ. ಜಾರುವುದೇ ನಮ್ಮ ಸಂಗೀತದ ಜೀವವಾಗಿರುವಾಗ ಈ ಉಪಕಾರವನ್ನು ಎಲ್ಲಿ ನಿಲ್ಲಿಸಬೇಕೆಂಬ ವಿವೇಕ ಯಂತ್ರಕ್ಕಿಲ್ಲ. ವಿದ್ಯಾರ್ಥಿಗೆ ಅದನ್ನು ಕಲಿಸುವವರು ಬೇಕು.

ಇದು ಬರಿಯ ತರ್ಕವಲ್ಲ, ಮನೆಯಲ್ಲೇ ನಡೆದದ್ದು. ಪ್ರವೇಶಕ್ಕಾಗಿ ಸ್ವಂತದ ಎರಡು ಧ್ವನಿಮುದ್ರಣಗಳನ್ನು ಒಪ್ಪಿಸಬೇಕಾಗಿತ್ತು. ಒಂದಕ್ಕೆ ಮಗಳು ತನ್ನದೇ ವಾದ್ಯಸಂಯೋಜನೆ ಮಾಡಿದಳು. ಇನ್ನೊಂದಕ್ಕೆ ಅವ್ವನಿಂದ ಬೀಸುವ ಕಲ್ಲಿನ ಹಾಡು ಹಾಡಿಸುವುದೆಂದು ಗೊತ್ತುಮಾಡಿದಳು. ಹಾರ್ಬರ್ ಲೈನಿನ ಲೋಕಲ್ ಗಾಡಿಯ ಸದ್ದು, ಮೇಲಿನ ಮನೆಯ ಕುಕ್ಕರಿನ ಸಿಳ್ಳು ತಪ್ಪಿಸಲು ಬಟ್ಟೆಯ ಕಪಾಟಿನ ಬಾಗಿಲು ತೆರೆದು, ಸುತ್ತ ಕೌದಿಗಳನ್ನು ತೂಗುಹಾಕಿ, ರಾತ್ರಿ ಎರಡು ಗಂಟೆಗೆ ಅವ್ವನನ್ನು ಎಬ್ಬಿಸಿದಳು. ಬೀಸಲು ಏಳುತ್ತಿದ್ದ ಹೊತ್ತಿಗಿಂತ ಇದೇನೂ ಬಹಳ ಮುಂಚೆ ಅಲ್ಲವೆಂದು ಅವ್ವ ಬೇಸರಿಸದೆ ಎದ್ದರು. ಫ್ಯಾನು ನಿಲ್ಲಿಸಿದ ಮೇ ತಿಂಗಳ ಆ ಸೆಕೆಯಲ್ಲಿ ನಾಲ್ಕು ತ್ರಿಪದಿಗಳು ಬಂದವು. ಐದನೆಯದಕ್ಕೆ ಅವ್ವ ನಿಂತುಬಿಟ್ಟರು. "ಕೈ ಆಡದ ಬಾಯಿಗೆ ಬರೂದಿಲ್ಲ ನೋಡು" ಎಂದರು.

ಪರದೆಯ ಮೇಲೆ ಅವ್ವನ ಸ್ವರಗಳು ಒಂದೂ ಗೆರೆಯ ಮೇಲಿರಲಿಲ್ಲ. ಆದರೆ ಒಂದು ತ್ರಿಪದಿಯಲ್ಲಿ ಎಲ್ಲಿ ಜಾರಿದ್ದರೋ ನಾಲ್ಕರಲ್ಲೂ ಅಲ್ಲಲ್ಲಿಯೇ, ಅಷ್ಟಷ್ಟೇ ಜಾರಿದ್ದರು. ಮಗಳು ಅದನ್ನು ಅಳೆದು ನಮಗೆ ತೋರಿಸಿದಳು. ಏನನ್ನೂ ತಿದ್ದದೆ ಕಳುಹಿಸಿದಳು. ಸಂದರ್ಶನದಲ್ಲಿ ಒಬ್ಬ ಪರೀಕ್ಷಕರು ಹಿನ್ನೆಲೆಯ ಶುಭ್ರತೆಯನ್ನು ಮೆಚ್ಚಿಕೊಂಡು, ಮುದುಕಿಯ ಶ್ರುತಿಯನ್ನೇಕೆ ಸರಿಪಡಿಸಲಿಲ್ಲವೆಂದು ಕೇಳಿದರಂತೆ. ನಾಲ್ಕೂ ಸಲ ಒಂದೇ ಕಡೆ ಇರುವುದನ್ನು ತಪ್ಪೆನ್ನಲಾಗದೆಂದು ಮಗಳು ಉತ್ತರಿಸಿದಳಂತೆ. ಪ್ರವೇಶವೇನೋ ಸಿಕ್ಕಿತು. ಆ ಉತ್ತರಕ್ಕೆ ಸಿಕ್ಕಿತೋ ಅದರ ಹೊರತಾಗಿ ಸಿಕ್ಕಿತೋ ಹೇಳಲಾಗದು.

ಇಂಥ ಪ್ರಶ್ನೆ ಕೇಳುವ ಪರೀಕ್ಷಕರನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಅವರು ಓದಿದ ಪುಸ್ತಕಗಳೂ ಅವರ ಯಂತ್ರಗಳೂ ಬೇರೆ ಸಂಗೀತಕ್ಕಾಗಿ ಹುಟ್ಟಿದವು. ನಮ್ಮವರು ಯಂತ್ರಕ್ಕೆ ನಮ್ಮ ಕಿವಿ ಕೊಟ್ಟ ನಿದರ್ಶನಗಳೂ ಉಂಟು. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜನಾರಾಯಣ್ ಎಂಜಿನಿಯರರೂ ಹೌದು, ಕೊಳಲುವಾದಕರೂ ಹೌದು. 1979ರಲ್ಲಿ ಅವರು ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಇಂದು ಮುಂಬಯಿಯ ಯಾವ ಕನ್ನಡಿಗರ ಸಂಗೀತ ಪಾಠದ ಮನೆಗೆ ಹೋದರೂ ಆ ಬಗೆಯ ಪೆಟ್ಟಿಗೆಯೊಂದು ಮೂಲೆಯಲ್ಲಿ ಗುಂಯ್‌ಗುಡುತ್ತಿರುತ್ತದೆ. ಈ ನಗರದ ವಿಶ್ವವಿದ್ಯಾಲಯದ ಸಂಗೀತ ಕೇಂದ್ರಕ್ಕೆ 1968ರಿಂದ 1983ರವರೆಗೆ ನಿರ್ದೇಶಕರಾಗಿದ್ದ ಅಶೋಕ ರಾನಡೆ, ಕುಮಾರರ ಗುರು ದೇವಧರರಲ್ಲಿಯೇ ಕಂಠಸಂಸ್ಕಾರದ ಪಾಠ ಪಡೆದವರು. ದನಿ ಎಂದರೇನೆಂಬುದನ್ನು ಜಾನಪದ, ರಂಗಭೂಮಿ, ಶಾಸ್ತ್ರೀಯ ಸಂಗೀತ ಮೂರನ್ನೂ ಒಟ್ಟಿಗಿಟ್ಟು ಚಿಂತಿಸಿದ ವಿದ್ವಾಂಸರು. ಅವರು ಹಾಕಿದ ದಾರಿಯ ಪಕ್ಕದಲ್ಲಿ ಒಂದು ಧ್ವನಿಮುದ್ರಣ ಶಾಲೆ ಇದ್ದರೆ, ಅಲ್ಲಿಯ ಮೊದಲನೆಯ ತಿಂಗಳು ಗಣಕ ಮುಟ್ಟದೆ ತಂಬೂರಿಯ ಎದುರು ಕಳೆಯುವಂತಿದ್ದರೆ ಎಂದು ನಾವು ಲೋಕಲ್ ಗಾಡಿಯಲ್ಲಿ ನೇತಾಡುತ್ತ ಯೋಚಿಸುವುದುಂಟು. ಸದ್ಯಕ್ಕೆ ಆ ತಿಂಗಳನ್ನು ಮನೆಯಲ್ಲೇ ನಡೆಸಬೇಕಾಗಿದೆ. ಮಗಳಿಗೆ ಭಾನುವಾರದ ಹಿಂದೂಸ್ತಾನಿ ಪಾಠವನ್ನು ಬಿಡಕೂಡದೆಂಬ ಒಂದೇ ಷರತ್ತು ಹಾಕಿದ್ದೇವೆ. ಅವಳೂ ಒಪ್ಪಿದ್ದಾಳೆ.

ಹಣದ ಮಾತನ್ನೂ ಹೇಳಿಬಿಡಬೇಕು. ಸರಕಾರಿ ಇಂಜಿನಿಯರಿಂಗ್ ಕಾಲೇಜಿನ ಶುಲ್ಕಕ್ಕೆ ಇದನ್ನು ಹೋಲಿಸುವಂತಿಲ್ಲ. ಭವಿಷ್ಯ ನಿಧಿಯಿಂದ ಮುಂಗಡ ಕೇಳಿ ಅರ್ಜಿ ಹಾಕಿದೆವು. ಅದು ಒಂದು ಆಕ್ಷೇಪಣೆಯೊಡನೆ ಮರಳಿ ಬಂತು: ಸದರಿ ವ್ಯಾಸಂಗವು ತಾಂತ್ರಿಕವೋ ಸಂಗೀತವೋ, ಸ್ಪಷ್ಟಪಡಿಸುವುದು. ಇಪ್ಪತ್ತು ವರ್ಷ ಇಂಥವೇ ಆಕ್ಷೇಪಣೆಗಳನ್ನು ಬರೆದು ಜೀವನ ಮಾಡಿದ ನಮಗೆ ಅದರಲ್ಲಿ ಕೋಪಿಸಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಪಠ್ಯಕ್ರಮದ ಪ್ರತಿಯನ್ನು ಲಗತ್ತಿಸಿ ಮರಳಿಸಿದೆವು, ಹಣ ಬಂತು. ಪದವಿ ಮುಗಿದ ಮೇಲೆ ನೌಕರಿ ಏನೆಂದು ಬಂಧುಗಳು ಈಗಲೂ ಕೇಳುತ್ತಾರೆ. ಧಾರಾವಾಹಿಗಳು, ಜಾಹೀರಾತುಗಳು, ಓದಿ ಕೇಳಿಸುವ ಪುಸ್ತಕಗಳು, ಆಟದ ತಂತ್ರಾಂಶಗಳು ಎಂದು ಮಗಳು ಪಟ್ಟಿ ಕೊಡುತ್ತಾಳೆ. ಕೆಲಸ ಇದ್ದ ದಿನ ಇರುತ್ತದೆ, ಇಲ್ಲದ ತಿಂಗಳು ಇರುವುದಿಲ್ಲ ಎಂಬುದನ್ನೂ ಅವಳೇ ಹೇಳುತ್ತಾಳೆ. ತಿಂಗಳ ಕೊನೆಯ ದಿನ ಸಂಬಳ ಜಮೆಯಾಗುವ ಬದುಕಿಗೆ ಒಗ್ಗಿದ ನಮಗೆ ಆ ಇಲ್ಲದ ತಿಂಗಳುಗಳ ಚಿಂತೆ ಇದ್ದೇ ಇದೆ. ಅದನ್ನು ಕಡಿಮೆ ಮಾಡುವ ಉಪಾಯ ಸದ್ಯ ನಮ್ಮಲ್ಲಿಲ್ಲ.

ಈಗ ಅವಳದು ಮೊದಲ ವರ್ಷ. ಸಂಘದ ಯಕ್ಷಗಾನ, ತಾಳಮದ್ದಲೆಗಳಿಗೆ ಹೋದರೆ ಅವಳ ಕಣ್ಣು ವೇಷದ ಮೇಲಿರುವುದಿಲ್ಲ. ಚೆಂಡೆ ಬಿದ್ದಾಗಲೆಲ್ಲ ಭಾಗವತರ ದನಿ ಎಲ್ಲಿ ಮುಳುಗುತ್ತಿದೆಯೆಂದು ಧ್ವನಿವರ್ಧಕದ ಕಡೆಗಿರುತ್ತದೆ. ಮೈಕ್ ಕೂಗಿಕೊಂಡಾಗ ಮಾತ್ರ ಸಭಿಕರು ತಿರುಗಿ ನೋಡುವ ಆ ಮೂಲೆಯ ಮನುಷ್ಯನೊಡನೆ ಅವಳಿಗೆ ಒಳ್ಳೆಯ ಸಲಿಗೆ ಬೆಳೆದಿದೆ. ವರ್ಷದ ಕೊನೆಗೆ ಒಂದು ಕ್ಷೇತ್ರಮುದ್ರಣವನ್ನು ಒಪ್ಪಿಸಬೇಕಂತೆ. ನಿಂತುಹೋದ ಐದನೆಯ ತ್ರಿಪದಿಯಿಂದ ಮುಂದಕ್ಕೆ ಅವ್ವನ ಹಾಡನ್ನು ಬೀಸುವ ಸದ್ದಿನೊಡನೆಯೇ ಹಿಡಿಯುವುದೆಂದು ನಿಶ್ಚಯಿಸಿದ್ದಾಳೆ. ಕಲ್ಲಿನ ಸದ್ದಿಗೆ ಒಂದು, ಅವ್ವನಿಗೆ ಒಂದು, ಪಡಸಾಲೆಯ ಗಾಳಿಗೆ ಎರಡು ಎಂದು ನಾಲ್ಕು ಮೈಕುಗಳ ನಕ್ಷೆ ಬರೆದಿಟ್ಟಿದ್ದಾಳೆ. ಆಂಟಾಪ್ ಹಿಲ್ಲಿನಲ್ಲಿ ಬೀಸುವ ಕಲ್ಲು ಎಲ್ಲಿಂದ ಬರಬೇಕು? ನವಲಗುಂದದ ಹತ್ತಿರದ ನಮ್ಮ ಊರಿನ ಮನೆಯಲ್ಲಿ ಒಂದಿದೆ. ದನದ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲಗಳ ಕೆಳಗೆ ಕೆಳಗಲ್ಲು ಸಿಕ್ಕಿದೆಯೆಂದೂ ಮೇಲುಗಲ್ಲನ್ನು ಹುಡುಕಿಸುತ್ತಿರುವುದಾಗಿಯೂ ಅಣ್ಣ ಮೊನ್ನೆ ಫೋನು ಮಾಡಿದ್ದರು. ಗೂಟ ಮುರಿದಿದ್ದರೆ ಜಾಲಿಯದೇ ಹಾಕಿಸಬೇಕು, ಬೇರೆಯದಾದರೆ ಕೈಗೆ ಹತ್ತುವುದಿಲ್ಲವೆಂದು ಅವ್ವ ಇಲ್ಲಿಂದಲೇ ಹೇಳಿ ಕಳಿಸಿದ್ದಾರೆ. ದೀಪಾವಳಿಯ ರಜೆಗೆ ಮೂರು ಟಿಕೇಟುಗಳನ್ನು ಕಾಯ್ದಿರಿಸಿದ್ದೇವೆ.